ಕರಿಬೇವಿನ ಗಿಡದಲ್ಲಿ ಹುಳ ಕಂಡಿತಾ? ಸ್ಪ್ರೇ ಬಾಟಲಿ ಹಿಡಿಯುವ ಮೊದಲು ಇದನ್ನು ಓದಿ

ಒಗ್ಗರಣೆಗೆ ನಾಲ್ಕು ಎಲೆ ಕೀಳೋಣ ಅಂತ ಹೋದರೆ ಕರಿಬೇವಿನ ಗಿಡದಲ್ಲಿ ಚಿಗುರೇ ಇಲ್ಲ, ಬರೀ ಕಡ್ಡಿ. ಮೂರು ವರ್ಷದ ಹಿಂದೆ ನಮ್ಮನೆ ತಾರಸಿಯಲ್ಲಿ ಹೀಗೇ ಆಯ್ತು. ಹತ್ತಿರದ ನರ್ಸರಿಯೊಂದರಲ್ಲಿ ಕೇಳಿದೆ, ಒಂದು ಬಾಟಲಿ ಕೊಟ್ಟರು, ತಂದು ಹೊಡೆದೆ. ಮಾರನೇ ದಿನ ಬೆಳಿಗ್ಗೆ ಕುಂಡದ ಮಣ್ಣಿನ ಮೇಲೆ ಏಳು ದಪ್ಪ ಹಸಿರು ಹುಳಗಳು ಸತ್ತು ಬಿದ್ದಿದ್ದವು. ಪಕ್ಕದಲ್ಲೇ ಒಂದು ಗುಲಗಂಜಿ ಹುಳ, ಎರಡು ಜೇನುನೊಣ. ಆ ಹಸಿರು ಹುಳ ಯಾವುದು ಅಂತ ಫೋಟೋ ತೆಗೆದು ಹುಡುಕಿದಾಗ ಗೊತ್ತಾಯ್ತು, ಅವು ನಿಂಬೆ ಚಿಟ್ಟೆಯ ಮರಿಗಳು. ಅದೇ ತಾರಸಿಯ ಇನ್ನೊಂದು ಮೂಲೆಯಲ್ಲಿ, ಚಿಟ್ಟೆ ಬರಲಿ ಅಂತ ನಾನೇ ದುಡ್ಡು ಕೊಟ್ಟು ತಂದ ಹೂವಿನ ಕುಂಡಗಳನ್ನು ಸಾಲಾಗಿ ಇಟ್ಟಿದ್ದೆ. ಆವತ್ತಿನ ಬೇಸರ ಇನ್ನೂ ಹೋಗಿಲ್ಲ.

ಚಿಟ್ಟೆ ಹೂವಿಗೆ ಬರುವುದು ಮಕರಂದ ಕುಡಿಯಲು. ಕುಡಿದು ಹೊರಟು ಹೋಗುತ್ತದೆ. ಅದು ನಿಮ್ಮಲ್ಲೇ ಉಳಿಯಬೇಕು, ಮರಿ ಮಾಡಬೇಕು ಅಂದರೆ ಅದರ ಮರಿ ತಿನ್ನುವ ಎಲೆ ಅಲ್ಲಿರಬೇಕು. ಆ ಎಲೆಯನ್ನು ಅದು ತಿನ್ನಲಿ ಅಂತ ನೀವು ಬಿಡಬೇಕು. ಹೂವು ಸಾಕುವುದು ಸುಲಭ, ತೂತಾದ ಎಲೆಯನ್ನು ಸಹಿಸುವುದೇ ಕಷ್ಟ. ಈ ಲೇಖನ ಇರುವುದು ಆ ಕಷ್ಟದ ಭಾಗಕ್ಕೆ.

ಅಂಗಳವೇ ಬೇಕು ಅಂತಿಲ್ಲ. ನಾಲ್ಕೈದು ಕುಂಡ, ಅರ್ಧ ದಿನ ಬಿಸಿಲು ಬೀಳುವ ಬಾಲ್ಕನಿ ಸಾಕು.

ಮೊದಲ ಹೆಜ್ಜೆ: ಒಂದು ವಾರ ಏನೂ ಮಾಡಬೇಡಿ

ನಿಜವಾಗಿ ಹೇಳುತ್ತಿದ್ದೇನೆ. ಒಂದು ವಾರ ಯಾವ ಔಷಧಿಯನ್ನೂ ಹೊಡೆಯಬೇಡಿ, ಬೇವಿನೆಣ್ಣೆಯನ್ನೂ ಬೇಡ. ದಿನಾ ಬೆಳಿಗ್ಗೆ ಬಿಸಿಲು ಸ್ವಲ್ಪ ಏರಿದ ಮೇಲೆ ಹತ್ತು ನಿಮಿಷ ಗಿಡಗಳ ಹತ್ತಿರ ಸುಮ್ನೆ ನಿಂತು ನೋಡಿ. ಎಲೆಯ ಮೇಲ್ಭಾಗಕ್ಕಿಂತ ಕೆಳಭಾಗದಲ್ಲೇ ಜಾಸ್ತಿ ಸಂಗತಿ ಇರುತ್ತದೆ, ಮಗುಚಿ ನೋಡಿ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿದರೆ ಭೂತಗನ್ನಡಿಯ ಕೆಲಸ ಆಗುತ್ತದೆ.

ಹುಳ ಕಾಣದಿದ್ದರೂ ಅದರ ಗುರುತು ಕಾಣುತ್ತದೆ. ಎಲೆಯ ಮೇಲೆ, ಕುಂಡದ ಅಂಚಿನಲ್ಲಿ ಕಪ್ಪು ಸಾಸಿವೆ ಥರ ಕಾಳು ಬಿದ್ದಿದ್ದರೆ ಅದು ಹಿಕ್ಕೆ, ಅದರ ನೇರ ಮೇಲೆ ಹುಳ ಕೂತಿರುತ್ತದೆ. ಎಲೆ ಅಂಟಂಟಾಗಿ ಹೊಳೆಯುತ್ತಿದ್ದು, ಕಾಂಡದ ಮೇಲೆ ಇರುವೆ ಸಾಲು ಹತ್ತಿ ಇಳಿಯುತ್ತಿದ್ದರೆ ಮೇಲೆಲ್ಲೋ ಸಸ್ಯಹೇನು ಇಲ್ಲವೇ ಹಿಟ್ಟು ತಿಗಣೆ ಇದೆ. ಗುಲಾಬಿ ಎಲೆಯ ಅಂಚು ಬಳೆ ಚೂರಿನಷ್ಟು ಅಚ್ಚುಕಟ್ಟಾಗಿ, ಕತ್ತರಿಯಲ್ಲಿ ಕತ್ತರಿಸಿದಂತೆ ದುಂಡಗೆ ಹೋಗಿದೆಯಾ? ಅದನ್ನು ಯಾರೂ ತಿಂದಿಲ್ಲ. ಎಲೆ ಕತ್ತರಿಸುವ ಜೇನೊಂದು ತನ್ನ ಮರಿಗೆ ತೊಟ್ಟಿಲು ಮಾಡಲು ಹೊತ್ತುಕೊಂಡು ಹೋಗಿದೆ. ಅದು ಒಂಟಿ ಜೇನು, ಗುಂಪಿಲ್ಲ, ರಾಣಿಯಿಲ್ಲ, ತುಪ್ಪ ಕೂಡಿಡುವುದೂ ಇಲ್ಲ. ಟೊಳ್ಳು ಕಡ್ಡಿಯೊಳಗೆ ಎಲೆ ಸುತ್ತಿ, ಪರಾಗದ ಉಂಡೆ ಇಟ್ಟು, ಮೇಲೊಂದು ಮೊಟ್ಟೆ ಇಡುತ್ತದೆ. ಗುಲಾಬಿಗೆ ಅದರಿಂದ ಏನೂ ಆಗುವುದಿಲ್ಲ. ಆದರೂ ಎಷ್ಟೋ ಜನ ಆ ದುಂಡು ತೂತು ನೋಡಿಯೇ ಔಷಧಿ ಹೊಡೆಯುತ್ತಾರೆ.

ಪ್ರಪಂಚದಲ್ಲಿ ಹೆಸರಿಟ್ಟು ಗುರುತಿಸಿರುವ ಕೀಟಗಳೇ ಸುಮಾರು 10 ಲಕ್ಷ ಬಗೆ. ಅದರಲ್ಲಿ ನಮ್ಮ ಬೆಳೆಗೆ, ಮೈಗೆ ತೊಂದರೆ ಕೊಡುವವು ತೀರಾ ಕಡಿಮೆ. ಬಾಟಲಿಯಲ್ಲಿರುವ ಔಷಧಿಗೆ ಈ ಲೆಕ್ಕ ಗೊತ್ತಿಲ್ಲ, ಸಿಕ್ಕಿದ್ದನ್ನೆಲ್ಲ ಕೊಲ್ಲುತ್ತದೆ. ಅದಕ್ಕೇ ಒಂದು ವಾರ ಅಂದಿದ್ದು.

ಎರಡನೇ ಹೆಜ್ಜೆ: ಕರಿಬೇವಿನ ಹುಳವನ್ನು ಬೆಳೆಯಲು ಬಿಡಿ

ಇಲ್ಲಿಂದಲೇ ಶುರು ಮಾಡಿ, ಯಾಕಂದರೆ ಕರಿಬೇವು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ. ನಿಂಬೆ, ಹೆರಳೆ ಗಿಡ ಇದ್ದರೆ ಅದಕ್ಕೂ ಇದೇ ಮಾತು. ಈ ಗಿಡಗಳಿಗೆ ಮುಖ್ಯವಾಗಿ ಬರುವುದು ಎರಡು ಚಿಟ್ಟೆ. ಒಂದು ಹಳದಿ-ಕಪ್ಪು ಚುಕ್ಕಿಯ ನಿಂಬೆ ಚಿಟ್ಟೆ, ಇನ್ನೊಂದು ಕಪ್ಪು ರೆಕ್ಕೆಯ ಮೇಲೆ ಬಿಳಿ ಮಣಿ ಪೋಣಿಸಿದಂತಿರುವ ಕಾಮನ್ ಮಾರ್ಮನ್.

ತಾಯಿ ಚಿಟ್ಟೆ ಗಿಡದ ಸುತ್ತ ಸುತ್ತಿ, ಎಲೆ ಮೇಲೆ ಕಾಲೂರಿ, ಕ್ಷಣದಲ್ಲೇ ಎದ್ದು ಹೋಗುತ್ತಿದ್ದರೆ ಅದು ಮೊಟ್ಟೆ ಇಡುತ್ತಿದೆ. ಕಾಲಿನಿಂದಲೇ ಎಲೆಯ ರುಚಿ ನೋಡಿ ಇದು ಸರಿಯಾದ ಗಿಡವೇ ಅಂತ ತಿಳಿದುಕೊಳ್ಳುತ್ತದೆ. ಎಳೆ ಚಿಗುರಿನಲ್ಲಿ ಹುಡುಕಿ. ಗಸಗಸೆಗಿಂತ ಸ್ವಲ್ಪ ದೊಡ್ಡದಾದ, ತಿಳಿ ಹಳದಿಯ ದುಂಡು ಮೊಟ್ಟೆ, ಒಂದೊಂದೇ ಬೇರೆ ಬೇರೆ ಕಡೆ ಇರುತ್ತದೆ. ಮೂರ್ನಾಲ್ಕು ದಿನದಲ್ಲಿ ಅದು ಒಡೆದು ಹುಳ ಬರುತ್ತದೆ. ಮೊದಮೊದಲು ಅದು ಕಪ್ಪು, ಕಂದು, ನಡುವೆ ಬಿಳಿ, ಥೇಟ್ ಹಕ್ಕಿ ಹಿಕ್ಕೆ. ಹಕ್ಕಿ ಅದನ್ನು ತನ್ನದೇ ಹಿಕ್ಕೆ ಅಂದುಕೊಂಡು ಬಿಟ್ಟು ಹೋಗಲಿ ಅಂತ ಈ ವೇಷ. ಹಳೆ ಚರ್ಮ ಕಳಚುತ್ತಾ ಕಳಚುತ್ತಾ ಕೊನೆಯ ಹಂತಕ್ಕೆ ಬಂದಾಗ ಒಮ್ಮೆಲೇ ಎಲೆ ಹಸಿರು ಬಣ್ಣ ಬರುತ್ತದೆ. ಆಗ ಅದನ್ನು ಮೆಲ್ಲಗೆ ಕಡ್ಡಿಯಲ್ಲಿ ಮುಟ್ಟಿ ನೋಡಿ. ತಲೆಯ ಹಿಂದಿನಿಂದ ಕೆಂಪು-ಕಿತ್ತಳೆ ಬಣ್ಣದ ಕವಲು ಕೋಡೊಂದು ಹೊರಗೆ ಬರುತ್ತದೆ, ಜೊತೆಗೆ ಘಾಟು ವಾಸನೆ. ಮಕ್ಕಳಿಗೆ ತೋರಿಸಿದರೆ ದಿನವಿಡೀ ಅದೇ ಮಾತು. ಆದರೆ ಒಂದೇ ಸಲ ಸಾಕು, ಪದೇ ಪದೇ ಕೆಣಕಬೇಡಿ, ಪಾಪ ಅದಕ್ಕೆ ಶಕ್ತಿ ಖರ್ಚಾಗುತ್ತದೆ.

ಈ ಹುಳಕ್ಕೆ ರೋಮ ಇಲ್ಲ, ಮುಟ್ಟಿದರೆ ತುರಿಕೆ ಇಲ್ಲ, ಕಚ್ಚುವುದೂ ಇಲ್ಲ.

ಈಗ ನಿಮ್ಮ ಪ್ರಶ್ನೆ ನನಗೆ ಗೊತ್ತು: ಹಾಗಾದರೆ ನಾವು ಒಗ್ಗರಣೆಗೆ ಏನು ಹಾಕುವುದು? ಎರಡು ಗಿಡ ಇಡಿ. ಒಂದು ಅಡುಗೆಗೆ, ಒಂದು ಹುಳಗಳಿಗೆ. ಅಡುಗೆ ಗಿಡದಲ್ಲಿ ಹುಳ ಕಂಡರೆ ಅದು ಕೂತಿರುವ ಎಲೆ ಸಮೇತ ಕತ್ತರಿಸಿ ಇನ್ನೊಂದು ಗಿಡದ ಮೇಲೆ ಇಟ್ಟುಬಿಡಿ, ಅದೇ ನಡೆದು ಹೋಗುತ್ತದೆ. ಹುಳವನ್ನು ಕೈಯಲ್ಲಿ ಎಳೆದು ಬಿಡಿಸಬೇಡಿ, ಎಲೆಯನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಕಾಲಿಗೆ ಪೆಟ್ಟಾಗಬಹುದು. ನಮ್ಮನೆಯಲ್ಲಿ ಮೊದಮೊದಲು ಅಮ್ಮ ಒಪ್ಪಿರಲಿಲ್ಲ, ಈಗ ಈ ಕೆಲಸ ಅವಳದ್ದೇ. ಬುಡ ಚೆನ್ನಾಗಿರುವ ಕರಿಬೇವು ಪೂರ್ತಿ ಬೋಳಾದರೂ ಮತ್ತೆ ಚಿಗುರುತ್ತದೆ. ಆದರೆ ಗಿಡ ಇನ್ನೂ ಗೇಣುದ್ದ ಇದ್ದರೆ ಅದಕ್ಕೆ ಐದಾರು ಹುಳ ತಡೆಯುವ ಶಕ್ತಿ ಇರುವುದಿಲ್ಲ, ಅಂಥ ಗಿಡಕ್ಕೆ ಒಂದು ತೆಳು ಬಲೆ ಮುಚ್ಚಿಡಿ.

ಒಳಗೆ ಸಾಕಬಹುದಾ ಅಂತ ಮಕ್ಕಳು ಕೇಳುತ್ತಾರೆ. ಒಂದೆರಡನ್ನು ಸಾಕಬಹುದು. ಗಾಳಿಯಾಡುವ ಡಬ್ಬ, ಬಾಯಿಗೆ ತೆಳು ಬಟ್ಟೆ. ದಿನಾ ಹೊಸ ಎಲೆ, ಅದೇ ಜಾತಿ ಗಿಡದ್ದು, ಔಷಧಿ ಹೊಡೆಯದ್ದು. ಅಂಗಡಿಯಿಂದ ತಂದ ಕರಿಬೇವು ಬೇಡವೇ ಬೇಡ, ಅದರ ಮೇಲೆ ಏನು ಹೊಡೆದಿರುತ್ತಾರೋ ಹೇಳಲಾಗದು. ದಿನಾ ಹಿಕ್ಕೆ ತೆಗೆದು ಡಬ್ಬ ಒರೆಸಿ, ಒಳಗೆ ತೇವ ನಿಂತರೆ ಬೂಷ್ಟು ಬಂದು ಹುಳ ಸಾಯುತ್ತದೆ. ಎರಡು ಒಣ ಕಡ್ಡಿ ಓರೆಯಾಗಿ ನಿಲ್ಲಿಸಿ. ತಿನ್ನುವುದು ನಿಲ್ಲಿಸಿ ಗಡಿಬಿಡಿಯಲ್ಲಿ ಓಡಾಡತೊಡಗಿದರೆ ಗೂಡಾಗುವ ಹೊತ್ತು ಬಂತು ಅಂತ. ಬಾಲದ ತುದಿಯನ್ನು ಕಡ್ಡಿಗೆ ಅಂಟಿಸಿ, ಸೊಂಟಕ್ಕೊಂದು ರೇಷ್ಮೆ ದಾರ ಕಟ್ಟಿಕೊಂಡು, ತೆಂಗಿನ ಮರ ಹತ್ತುವವರು ಹಗ್ಗಕ್ಕೆ ಒರಗಿದ ಹಾಗೆ ಒರಗಿ ನಿಲ್ಲುತ್ತದೆ. ಸುತ್ತ ಹಸಿರಿದ್ದರೆ ಗೂಡು ಹಸಿರು, ಒಣ ಕಡ್ಡಿಯಾದರೆ ಕಂದು.

ಹತ್ತು ದಿನದ ಆಸುಪಾಸಿನಲ್ಲಿ ಗೂಡಿನ ಗೋಡೆ ತೆಳುವಾಗಿ ಒಳಗಿನ ರೆಕ್ಕೆಯ ಬಣ್ಣ ಕಾಣುತ್ತದೆ. ಮಾರನೇ ಬೆಳಿಗ್ಗೆ ಬೇಗ ಎದ್ದು ಕೂರಿ. ಹೊರಬಂದ ಚಿಟ್ಟೆಯ ರೆಕ್ಕೆ ಒದ್ದೆ ಬಟ್ಟೆಯಂತೆ ಮುದುಡಿರುತ್ತದೆ, ಅದು ನೇತಾಡಿಕೊಂಡು ರಕ್ತ ತುಂಬಿ ಅದನ್ನು ಬಿಡಿಸಿಕೊಳ್ಳಬೇಕು. ಸಹಾಯ ಮಾಡಲು ಹೋಗಬೇಡಿ. ಕೆಳಗೆ ಕೆಂಪು ಬಣ್ಣದ ಹನಿ ಬಿದ್ದರೆ ಹೆದರಬೇಡಿ, ಅದು ಗೂಡಿನೊಳಗೆ ಕೂಡಿದ್ದ ಕೊಳೆ, ಗಾಯ ಆಗಿಲ್ಲ. ರೆಕ್ಕೆ ಒಣಗಿದ ಮೇಲೆ ಡಬ್ಬ ತೆರೆದು ಬಿಸಿಲಿಗೆ ಇಡಿ, ಅಷ್ಟೇ.

ನನ್ನ ಅಭಿಪ್ರಾಯ ಕೇಳಿದರೆ, ಡಬ್ಬದಲ್ಲಿ ಸಾಕುವುದು ಒಂದೆರಡು ಸಲ ಕಲಿಯಲಿಕ್ಕೆ ಮಾತ್ರ ಇರಲಿ. ಉಳಿದವು ಗಿಡದ ಮೇಲೇ ಇರಲಿ. ಹಕ್ಕಿ, ಹಲ್ಲಿ, ಕಣಜ ಒಂದಷ್ಟನ್ನು ತಿನ್ನುತ್ತವೆ. ತಿನ್ನಬೇಕು. ಗುಬ್ಬಚ್ಚಿ ಕಾಳು ತಿಂದು ಬದುಕುವ ಹಕ್ಕಿ, ಆದರೂ ಗೂಡಿನಲ್ಲಿರುವ ಎಳೆ ಮರಿಗೆ ಅದು ಹುಳವನ್ನೇ ತಂದು ಕೊಡುತ್ತದೆ. ಮಕರಂದ ಕುಡಿಯುವ ಸೂರಕ್ಕಿಯೂ ಅಷ್ಟೇ. ಗುಬ್ಬಿಗೆ ಅಂತ ಮರದ ಪೆಟ್ಟಿಗೆ ತೂಗಿಹಾಕಿ ಅಕ್ಕಿ ಇಡುವವರು, ಅದರ ಜೊತೆ ಔಷಧಿ ಹೊಡೆಯುವುದನ್ನೂ ನಿಲ್ಲಿಸಬೇಕು, ಇಲ್ಲದಿದ್ದರೆ ಮರಿಗೆ ಊಟ ಎಲ್ಲಿಂದ ಬರಬೇಕು?

ಮೂರನೇ ಹೆಜ್ಜೆ: ಎಲೆಗಾಗಿ ಗಿಡ ಆರಿಸಿ

ಎಕ್ಕದ ಗಿಡ ತಾನಾಗಿ ಹುಟ್ಟಿದ್ದರೆ ಕೀಳಬೇಡಿ. ಪ್ಲೇನ್ ಟೈಗರ್ ಅನ್ನುವ ಕೇಸರಿ ಬಣ್ಣದ ಚಿಟ್ಟೆ ಅದರ ಮೇಲೆ ಮೊಟ್ಟೆ ಇಡುತ್ತದೆ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ. ಎಕ್ಕದ ಹಾಲಿನ ವಿಷವನ್ನು ತನ್ನ ಮೈಯಲ್ಲೇ ತುಂಬಿಕೊಂಡು, ತಿಂದ ಹಕ್ಕಿಗೆ ವಾಂತಿ ಬರಿಸುತ್ತದೆ. ಕಣಗಿಲೆಗೆ ಬರುವ ಕಾಮನ್ ಕ್ರೋ ಚಿಟ್ಟೆಯ ಗೂಡನ್ನು ಒಮ್ಮೆಯಾದರೂ ನೋಡಬೇಕು, ಎಲೆಯಡಿ ನೇತಾಡುವ ಬೆಳ್ಳಿ ಜುಮುಕಿ ಅದು, ಕನ್ನಡಿಯ ಹಾಗೆ ಹೊಳೆಯುತ್ತದೆ. ಸೀತಾಫಲ, ಸಂಪಿಗೆ, ಕಾಂಪೌಂಡ್ ಪಕ್ಕ ನೆಡುವ ಉದ್ದನೆಯ ಅಶೋಕಕ್ಕೆ ಹಸಿರು ಚುಕ್ಕಿಯ ಟೈಲ್ಡ್ ಜೇ ಬರುತ್ತದೆ. ತಂಗಡಿ, ಕಕ್ಕೆಗೆ ತಿಳಿ ಹಳದಿಯ ಎಮಿಗ್ರಂಟ್ ಚಿಟ್ಟೆಗಳು. ಸುಮ್ನೆ ಬಿಟ್ಟ ಒಂದು ಚದರ ಮೀಟರ್ ಹುಲ್ಲಿಗೂ ಕಂದು ಬಣ್ಣದ ಸಣ್ಣ ಚಿಟ್ಟೆಗಳು ಬರುತ್ತವೆ.

ನಾನು ಎಲ್ಲರಿಗೂ ಒತ್ತಾಯ ಮಾಡುವುದು ಈಶ್ವರಿ ಬಳ್ಳಿಗೆ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಅನ್ನುವ ಕೆಂಪು ಮೈಯ ಚಿಟ್ಟೆಗಳ ಮರಿಗೆ ಈ ಬಳ್ಳಿ ಇಲ್ಲವೇ ಇದರ ಹತ್ತಿರದ ಜಾತಿಗಳೇ ಬೇಕು, ಬೇರೆ ಎಲೆ ಕೊಟ್ಟರೆ ಉಪವಾಸ ಸಾಯುತ್ತವೆ. ಮಲೆನಾಡು, ಕರಾವಳಿ ಕಡೆಯವರಾದರೆ ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೂಡ ಇದೇ ಬಳ್ಳಿ ಹುಡುಕಿಕೊಂಡು ಬರಬಹುದು. ಅಂಗೈಯಗಲಕ್ಕಿಂತ ದೊಡ್ಡದು, ಹಾರುವಾಗ ಹಕ್ಕಿಯೇ ಅನ್ನಿಸುತ್ತದೆ. ಬಳ್ಳಿಯ ವಿಷ ಮೈಯಲ್ಲಿರುವುದರಿಂದ ರೋಸ್ ಚಿಟ್ಟೆಗಳನ್ನು ಹಕ್ಕಿಗಳು ಮುಟ್ಟುವುದಿಲ್ಲ. ಇಲ್ಲೇ ನಮ್ಮ ಕರಿಬೇವಿನ ಕಾಮನ್ ಮಾರ್ಮನ್ ಮತ್ತೆ ಬರುತ್ತದೆ ನೋಡಿ. ಅದರ ಹೆಣ್ಣುಗಳಲ್ಲಿ ಮೂರು ಬಗೆ. ಒಂದು ಗಂಡಿನ ಹಾಗೇ, ಇನ್ನೊಂದು ಕಾಮನ್ ರೋಸ್ ಹಾಗೆ, ಮತ್ತೊಂದು ಕ್ರಿಮ್ಸನ್ ರೋಸ್ ಹಾಗೆ. ಮೈಯಲ್ಲಿ ವಿಷ ಇಲ್ಲ, ಆದರೆ ವಿಷ ಇರುವವರ ಬಟ್ಟೆ ತೊಟ್ಟುಕೊಂಡಿದೆ. ಒಗ್ಗರಣೆ ಸೊಪ್ಪು ತಿಂದು ಬೆಳೆದ ಚಿಟ್ಟೆಯ ಜೀವ ಎಲ್ಲೋ ಬೇಲಿಯಲ್ಲಿರುವ ಈಶ್ವರಿ ಬಳ್ಳಿಯನ್ನು ನಂಬಿಕೊಂಡಿದೆ ಅಂತ ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಎಚ್ಚರದ ಮಾತು: ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಕಣಗಿಲೆ ಪೂರ್ತಿ ವಿಷ, ಈಶ್ವರಿ ಬಳ್ಳಿಯನ್ನೂ ಬಾಯಿಗೆ ಹಾಕಬಾರದು. ಪುಟ್ಟ ಮಕ್ಕಳು, ಹಸು-ಕರು ಓಡಾಡುವ ಕಡೆ ಇವು ಬೇಡ, ಕರಿಬೇವು, ಸೀತಾಫಲ ಸಾಕು. ಚಿಟ್ಟೆ ಬರುತ್ತೆ ಅಂತ ಲಂಟಾನ ನೆಡುವವರಿದ್ದಾರೆ, ದಯವಿಟ್ಟು ನೆಡಬೇಡಿ. ನಮ್ಮ ಕಾಡುಗಳಲ್ಲಿ ಅದು ಹಬ್ಬಿ ಬೇರೆ ಗಿಡ ಏಳದಂತೆ ಮಾಡಿರುವುದು ಸಾಕಾಗಿದೆ.

ನಾಲ್ಕನೇ ಹೆಜ್ಜೆ: ಹೂವು, ಆದರೆ ಒಂಟಿ ಎಸಳಿನದ್ದು

ಇದನ್ನು ಬೇಗ ಮುಗಿಸುತ್ತೇನೆ. ಸುತ್ತು ಸುತ್ತಾಗಿ ಎಸಳು ತುಂಬಿದ ಹೂವುಗಳು ಕಣ್ಣಿಗೆ ಚೆಂದ, ಆದರೆ ಅದರಲ್ಲಿ ಎಷ್ಟೋ ಸಲ ಕೀಟಕ್ಕೆ ಮಕರಂದವೂ ಸಿಗುವುದಿಲ್ಲ, ಪರಾಗವೂ ಸಿಗುವುದಿಲ್ಲ. ತುಳಸಿ, ಕಾಮಕಸ್ತೂರಿ, ತುಂಬೆ, ಕೇಪಳ, ಒಂಟಿ ಸುತ್ತಿನ ದಾಸವಾಳ, ಇವು ಸಾಕು. ಕೊತ್ತಂಬರಿ, ಸಬ್ಬಸಿಗೆಯನ್ನು ಪೂರ್ತಿ ಕಿತ್ತು ಮುಗಿಸದೆ ನಾಲ್ಕು ಗಿಡ ಹೂ ಬಿಡಲು ಬಿಡಿ. ಆ ಸಣ್ಣ ಬಿಳಿ, ಹಳದಿ ಹೂವಿಗೆ ಬರುವ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಜಗಳು ಮುಂದಿನ ಹೆಜ್ಜೆಯಲ್ಲಿ ನಿಮ್ಮ ಕೈ ಹಿಡಿಯುತ್ತವೆ.

ತರಕಾರಿ ಬೆಳೆಯುವವರಿಗೆ ಒಂದು ಮಾತು. ಕುಂಬಳ, ಹೀರೆ, ಹಾಗಲ, ಸೌತೆಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಜೇನು ಬಾರದಿದ್ದರೆ ಪಿಂದೆ ಹಳದಿಯಾಗಿ ಉದುರುತ್ತದೆ, ನಾವು ಗೊಬ್ಬರ ಕಡಿಮೆ ಆಯ್ತು ಅಂದುಕೊಳ್ಳುತ್ತೇವೆ. ಬದನೆ, ಟೊಮೆಟೊ ಕಥೆ ಇನ್ನೂ ಸೊಗಸು. ಅವುಗಳ ಪರಾಗ ಉಪ್ಪಿನ ಡಬ್ಬಿಯ ಥರ ತುದಿಯ ಸಣ್ಣ ತೂತಿನಿಂದ ಉದುರಬೇಕು, ಅದಕ್ಕೆ ಯಾರಾದರೂ ಅಲ್ಲಾಡಿಸಬೇಕು. ಕಪ್ಪು ದುಂಬಿ, ಹೊಟ್ಟೆ ಮೇಲೆ ನೀಲಿ ಪಟ್ಟೆ ಇರುವ ಒಂಟಿ ಜೇನು, ಇವು ಹೂವನ್ನು ತಬ್ಬಿಕೊಂಡು ಮೈಯನ್ನು ಝೇಂ ಅಂತ ನಡುಗಿಸುತ್ತವೆ. ಹತ್ತಿರ ನಿಂತರೆ ಹಾರುವಾಗಿನ ಸದ್ದಿಗಿಂತ ಬೇರೆಯೇ ಸದ್ದು ಕೇಳುತ್ತದೆ. ತುಡುವೆ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಜೇನುಪೆಟ್ಟಿಗೆ ಒಂದಿದ್ದರೆ ಸಾಕು ಅನ್ನುವವರಿಗೆ ನಾನು ಬದನೆ ಹೂವನ್ನು ತೋರಿಸುತ್ತೇನೆ.

ಐದನೇ ಹೆಜ್ಜೆ: ಹೇನು, ಹಿಟ್ಟು ತಿಗಣೆ ಬಂದಾಗ

ಬಂದೇ ಬರುತ್ತವೆ. ಅಲಸಂದೆ ಕುಡಿಗೆ ಕಪ್ಪು ಹೇನು, ದಾಸವಾಳಕ್ಕೆ ಬಿಳಿ ಹಿಟ್ಟು. ಇಲ್ಲೇ ಹೆಚ್ಚಿನವರ ತಾಳ್ಮೆ ಮುಗಿಯುವುದು, ಮತ್ತೆ ಬಾಟಲಿ ಬರುವುದು.

ಮೊದಲು ಇರುವೆಗಳನ್ನು ನೋಡಿ. ಹೇನು ಸುರಿಸುವ ಸಿಹಿ ಅಂಟಿಗಾಗಿ ಇರುವೆ ಅವನ್ನು ದನ ಕಾದಂತೆ ಕಾಯುತ್ತದೆ, ತಿನ್ನಲು ಬಂದ ಗುಲಗಂಜಿ ಹುಳವನ್ನು ಓಡಿಸುತ್ತದೆ. ಕಾಂಡಕ್ಕೆ ಒಂದು ಪಟ್ಟಿ ಕಾಗದ ಸುತ್ತಿ, ಅದರ ಮೇಲೆ ದಪ್ಪಗೆ ವ್ಯಾಸಲಿನ್ ಬಳಿಯಿರಿ. ಇರುವೆ ಹತ್ತುವುದು ನಿಂತರೆ ಅರ್ಧ ಕೆಲಸ ಆಯ್ತು. ಬೇರೆ ಗಿಡದ ಎಲೆ ತಾಗಿಕೊಂಡಿದ್ದರೆ ಅದೇ ಸೇತುವೆ ಆಗುತ್ತದೆ, ಸರಿಸಿಡಿ.

ಆಮೇಲೆ ಕಾಯಿರಿ, ಒಂದು ವಾರ, ಹತ್ತು ದಿನ. ಗುಲಗಂಜಿ ಹುಳ ಎಲ್ಲರಿಗೂ ಗೊತ್ತು, ಅದರ ಮರಿ ಮಾತ್ರ ಯಾರಿಗೂ ಗೊತ್ತಿಲ್ಲ. ಕಪ್ಪಗೆ, ಉದ್ದಕ್ಕೆ, ಕಿತ್ತಳೆ ಚುಕ್ಕಿ ಇಟ್ಟುಕೊಂಡು ಪುಟ್ಟ ಮೊಸಳೆಯ ಹಾಗೆ ಓಡಾಡುತ್ತದೆ. ಅದು ದೊಡ್ಡದಕ್ಕಿಂತಲೂ ಹಸಿದಿರುತ್ತದೆ. ಹಿಟ್ಟು ತಿಗಣೆ ತಿನ್ನುವ ಇನ್ನೊಂದಿದೆ, ಕ್ರಿಪ್ಟೋಲೀಮಸ್ ಅಂತ. ಆಸ್ಟ್ರೇಲಿಯಾದ್ದು, 1898ರಲ್ಲಿ ಭಾರತಕ್ಕೆ ತಂದರು, ಈಗ ನಮ್ಮ ಕಾಫಿ, ದ್ರಾಕ್ಷಿ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಇದರ ಮರಿಯ ಮೈತುಂಬಾ ಬಿಳಿ ಮೇಣದ ಎಳೆಗಳು, ನೋಡಿದರೆ ದೊಡ್ಡ ಹಿಟ್ಟು ತಿಗಣೆಯೇ. ತಿಗಣೆ ಕೂತಲ್ಲೇ ಕೂತಿರುತ್ತದೆ, ಇದು ಚುರುಕಾಗಿ ಓಡಾಡುತ್ತದೆ, ಅದೇ ಗುರುತು. ತಿಗಣೆ ಉಜ್ಜಿ ತೆಗೆಯುವಾಗ ಓಡುವ ಬಿಳಿ ಹುಳ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ.

ಕಾಯುವುದರಿಂದ ಏನಾಗುತ್ತೆ ಅನ್ನುವವರಿಗೆ ಪಪ್ಪಾಯಿಯ ಕಥೆ ಹೇಳಬೇಕು. 2008ರಲ್ಲಿ ಕೊಯಮತ್ತೂರು ಕಡೆ ಪಪ್ಪಾಯಿ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಹೊರಗಿಂದ ಬಂದ ಕೀಟ, ಅದನ್ನು ಅಂಕೆಯಲ್ಲಿಡುವ ಶತ್ರು ನಮ್ಮಲ್ಲಿ ಇರಲಿಲ್ಲ. ಪಪ್ಪಾಯಿ, ಮರಗೆಣಸು, ಹಿಪ್ಪುನೇರಳೆ ತೋಟಗಳು ಬೆಳ್ಳಗಾಗಿ ಹೋದವು. ಔಷಧಿ ಹೊಡೆದಷ್ಟೂ ಮೇಣದ ಹೊದಿಕೆಯೊಳಗೆ ತಿಗಣೆ ಉಳಿದುಕೊಂಡಿತು, ಹಿಪ್ಪುನೇರಳೆಗೆ ಹೊಡೆದರೆ ರೇಷ್ಮೆ ಹುಳವೇ ಸಾಯುತ್ತದೆ. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯ ಮೂಲಕ ಪೋರ್ಟೊ ರಿಕೊದಿಂದ ಅಸೆರೋಫೇಗಸ್ ಅನ್ನುವ ಚುಕ್ಕಿಯಷ್ಟು ಚಿಕ್ಕ ಕಣಜವನ್ನು ತರಿಸಿದರು. ಅದು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಸಾಕಿ, ತೋಟಗಳಿಗೆ ಬಿಟ್ಟರು. ಕಣಜ ಹಬ್ಬಿದ ಕಡೆಯೆಲ್ಲ ತಿಗಣೆ ಇಳಿದು ಹೋಯಿತು. ನಿಮ್ಮ ತಾರಸಿಯಲ್ಲೂ ಇಂಥದ್ದೇ ಬೇರೆ ಬೇರೆ ಸಣ್ಣ ಕಣಜಗಳು ಕೆಲಸ ಮಾಡುತ್ತಿರುತ್ತವೆ. ಊದಿಕೊಂಡು ಕಂದಾಗಿ ಗಟ್ಟಿಯಾದ ಹೇನು ಕಂಡರೆ, ಹುಳದ ಬೆನ್ನ ಮೇಲೆ ಅಕ್ಕಿಕಾಳು ಅಂಟಿಸಿದಂಥ ಬಿಳಿ ಗೂಡುಗಳು ಕಂಡರೆ, ಅದು ಅವುಗಳದ್ದೇ ಕೆಲಸ. ಅಂಥ ಹುಳವನ್ನು ಸಾಯಿಸಬೇಡಿ, ಅದರಿಂದ ಹೊಸ ಕಣಜಗಳು ಹೊರಬರಬೇಕು.

ಕಾದೂ ಆಗಲಿಲ್ಲ, ಗಿಡ ಸೊರಗುತ್ತಿದೆ ಅಂದರೆ ಮೊದಲು ಪೈಪಿನ ನೀರನ್ನು ಜೋರಾಗಿ ಬಿಡಿ. ಆಗಲೂ ಹೋಗದಿದ್ದರೆ ತೀರಾ ಕೆಟ್ಟ ಕುಡಿಯನ್ನು ಚಿವುಟಿ ತೆಗೆಯಿರಿ. ಆಮೇಲೆ ಸೋಪಿನ ನೀರು. ಬೇವಿನೆಣ್ಣೆ ಕೊನೆಗೆ, ಅದೂ ಸಂಜೆ ಜೇನು ಮನೆ ಸೇರಿದ ಮೇಲೆ, ಹೇನಿರುವ ಕೊಂಬೆಗೆ ಮಾತ್ರ. ಬೇವಿನದ್ದು ನೈಸರ್ಗಿಕ ಅಲ್ವಾ ಅಂತ ತಾರಸಿಗೆಲ್ಲ ಹೊಡೆದರೆ ಚಿಟ್ಟೆ ಮರಿಯೂ ಹೋಗುತ್ತದೆ.

ಆರನೇ ಹೆಜ್ಜೆ: ಮನೆ ಮಾಡಲು ಜಾಗ ಬಿಡಿ

ತೀರಾ ಗುಡಿಸಿ ಒರೆಸಿದ ಜಾಗದಲ್ಲಿ ಕೀಟ ಬದುಕುವುದಿಲ್ಲ. ಒಂದು ಮೂಲೆಯಲ್ಲಿ ಒಣ ಎಲೆ ರಾಶಿ ಇರಲಿ. ನಂದಿಬಟ್ಟಲಿನ ಮೇಲೆ ಹಸಿರು ಮೈಗೆ ನೀಲಿ ಕಣ್ಣು ಬರೆದಂಥ ಬೆರಳುದ್ದದ ಹುಳ ಬಂದರೆ, ಅದು ಓಲಿಯಾಂಡರ್ ಹಾಕ್ ಪತಂಗ, ಗೂಡಾಗಲು ಅದು ಇಳಿದು ಬರುವುದು ಈ ತರಗೆಲೆಯ ಕೆಳಗೇ. ಕುಂಡಕ್ಕೆಲ್ಲ ಕಲ್ಲು ಹಾಸಬೇಡಿ, ಒಂದು ಕಡೆ ಬರಿ ಮಣ್ಣು ಬಿಡಿ, ಎಷ್ಟೋ ಒಂಟಿ ಜೇನುಗಳು ನೆಲದಲ್ಲೇ ಬಿಲ ತೋಡುತ್ತವೆ. ಒಂದು ಗೇಣುದ್ದದ ಬಿದಿರು ತುಂಡುಗಳನ್ನು, ಒಂದು ಬದಿ ಗಿಣ್ಣು ಮುಚ್ಚಿರುವಂತೆ ಕತ್ತರಿಸಿ, ಕಟ್ಟು ಕಟ್ಟಿ, ಮಳೆ ಬೀಳದ ಕಡೆ ಅಡ್ಡಡ್ಡಲಾಗಿ ತೂಗಿಹಾಕಿ. ಪೆನ್ಸಿಲ್ ಹೋಗುವಷ್ಟು ತೂತು ಸಾಕು. ಎರಡು ಮೂರು ತಿಂಗಳಲ್ಲಿ ಕೆಲವು ತೂತಿನ ಬಾಯಿ ಎಲೆಯಿಂದ, ಕೆಲವು ಮಣ್ಣಿನಿಂದ ಮುಚ್ಚಿರುತ್ತವೆ.

ಕಿಟಕಿಯ ಸಂದಿಯಲ್ಲಿ ಕುಂಬಾರ ಹುಳ ಕಟ್ಟುವ ಮಣ್ಣಿನ ಗೂಡನ್ನು ಕೆರೆದು ಹಾಕುವುದು ನಮ್ಮಲ್ಲಿ ವಾಡಿಕೆ. ಬಿಡಿ, ಇರಲಿ. ಅದು ಸುಮ್ಮನೆ ಬಂದು ಕುಟುಕುವ ಜಾತಿಯಲ್ಲ. ಕೀಟ ಭ್ರಮರ ನ್ಯಾಯ ಅಂತ ಹಿರಿಯರು ಹೇಳುವುದನ್ನು ಕೇಳಿರುತ್ತೀರಿ, ಕಣಜ ಹುಳವನ್ನು ಗೂಡಿಗೆ ತಂದಿಡುತ್ತದೆ, ಹುಳ ಅದನ್ನೇ ಧ್ಯಾನಿಸುತ್ತಾ ತಾನೂ ಕಣಜವೇ ಆಗಿಬಿಡುತ್ತದೆ ಅಂತ. ಅವರು ಕಣ್ಣಾರೆ ನೋಡಿದ್ದು ಸರಿಯಾಗೇ ಇತ್ತು, ಹುಳ ಒಳಗೆ ಹೋಗಿ ಕಣಜ ಹೊರಗೆ ಬರುವುದು ನಿಜ. ನಡುವೆ ನಡೆಯುವುದು ಇಷ್ಟು: ಕಣಜ ಹುಳವನ್ನು ಕುಟುಕಿ ಅಲ್ಲಾಡದಂತೆ ಮಾಡಿ ಒಳಗಿಟ್ಟು, ಜೊತೆಗೊಂದು ಮೊಟ್ಟೆ ಇಟ್ಟು ಬಾಗಿಲು ಮುಚ್ಚುತ್ತದೆ. ಮೊಟ್ಟೆಯಿಂದ ಬಂದ ಮರಿ ಆ ಹುಳವನ್ನು ತಿಂದು ಬೆಳೆಯುತ್ತದೆ. ಒಂದೊಂದು ಗೂಡಿಗೂ ಹತ್ತಾರು ಹುಳ ಬೇಕು. ನಿಮ್ಮ ಬದನೆ ಗಿಡದ ಹುಳ ಹೀಗೂ ಕಡಿಮೆಯಾಗುತ್ತದೆ.

ಏಳನೇ ಹೆಜ್ಜೆ: ನೀರು ಮತ್ತು ದೀಪ

ಅಗಲ ತಟ್ಟೆಗೆ ಮಣ್ಣು ಹಾಕಿ ಸದಾ ಒದ್ದೆ ಇರುವಂತೆ ನೋಡಿಕೊಳ್ಳಿ, ಒಂದು ಚಿಟಿಕೆ ಉಪ್ಪು ಹಾಕಿ. ಚಿಟ್ಟೆಗಳು, ಅದರಲ್ಲೂ ಗಂಡು ಚಿಟ್ಟೆಗಳು, ಉಪ್ಪಿನಂಶ ಹೀರಲು ಬರುತ್ತವೆ. ನಿಂತ ನೀರು ಮಾತ್ರ ಎಲ್ಲೂ ಬೇಡ. ಡೆಂಗಿ ಹರಡುವ ಸೊಳ್ಳೆ ಒಂದು ವಾರ ಹತ್ತು ದಿನದಲ್ಲಿ ಮೊಟ್ಟೆಯಿಂದ ಹಾರುವ ಹಂತಕ್ಕೆ ಬಂದುಬಿಡುತ್ತದೆ, ಅದರ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ಸಾಯುವುದಿಲ್ಲ. ಕುಂಡದ ಕೆಳಗಿನ ತಟ್ಟೆ, ಹಕ್ಕಿಗೆ ಇಟ್ಟ ನೀರು, ವಾರಕ್ಕೆ ಎರಡು ಸಲ ಚೆಲ್ಲಿ, ಬ್ರಷ್‌ನಲ್ಲಿ ತಿಕ್ಕಿ ತೊಳೆಯಿರಿ. ಕೀಟಗಳ ಮೇಲೆ ಪ್ರೀತಿ ಇರುವವರು ಈ ವಿಷಯದಲ್ಲಿ ಇನ್ನೂ ಜಾಸ್ತಿ ಕಟ್ಟುನಿಟ್ಟಾಗಿರಬೇಕು.

ತಾರಸಿ ದೀಪವನ್ನು ಕೆಲಸ ಮುಗಿದ ಮೇಲೆ ಆರಿಸಿ. ಬಿಳಿ ಎಲ್‌ಇಡಿ ಬದಲು ಹಳದಿ ಬೆಳಕಿನದ್ದು ಹಾಕಿ. ಪತಂಗಗಳು ದೀಪ ಸುತ್ತಿ ಸುತ್ತಿ ಸುಸ್ತಾಗಿ ಬೆಳಿಗ್ಗೆ ಹಲ್ಲಿಗೆ, ಕಾಗೆಗೆ ಸಿಗುತ್ತವೆ. ಮಿಣುಕು ಹುಳಗಳು ಒಂದನ್ನೊಂದು ಗುರುತಿಸುವುದೇ ಬೆಳಕಿನಿಂದ, ನಮ್ಮ ದೀಪದ ನಡುವೆ ಅವಕ್ಕೆ ಜೋಡಿ ಸಿಗುವುದಿಲ್ಲ.

ಮುಟ್ಟಬಾರದವು

ರೋಮ ಇರುವ ಯಾವ ಕಂಬಳಿಹುಳವನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ನುಗ್ಗೆ ಮರದ ಕಾಂಡದ ಮೇಲೆ ಗುಂಪಾಗಿ ಕೂರುವವು ಮಕ್ಕಳು ಆಡುವ ಜಾಗದಲ್ಲಿದ್ದರೆ ತೆಗೆಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕೈಗೆ ಮುಳ್ಳು ಹತ್ತಿದರೆ ಉಜ್ಜಬೇಡಿ, ಅಂಟುವ ಟೇಪ್ ಹಚ್ಚಿ ಎತ್ತಿ ತೆಗೆದು ಸೋಪಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ನೇರ ಡಾಕ್ಟರ ಹತ್ತಿರ ಹೋಗಿ. ಹೆಜ್ಜೇನು ಕಟ್ಟಿದರೆ ಹೊಗೆ ಹಾಕುವ, ಕಲ್ಲು ಹೊಡೆಯುವ ಕೆಲಸ ಬೇಡ. ಜನ ಓಡಾಡುವ ಜಾಗವಾದರೆ ಗೊತ್ತಿರುವವರನ್ನು ಕರೆಸಿ. ಇಲ್ಲವಾದರೆ ದೂರದಿಂದ ನೋಡುತ್ತಿರಿ, ಎಷ್ಟೋ ಸಲ ಅವು ಹೂವಿನ ಕಾಲ ಮುಗಿದ ಮೇಲೆ ತಾವಾಗಿ ಎದ್ದು ಹೋಗುತ್ತವೆ.

ಕೊನೆಯ ಹೆಜ್ಜೆ: ಬರೆದಿಡಿ

ಹಳೆಯ ನೋಟ್‌ಬುಕ್ ಒಂದನ್ನು ಗಿಡಗಳ ಹತ್ತಿರವೇ ಇಡಿ. ದಿನಾಂಕ, ಗಿಡ, ಕಂಡದ್ದು, ಒಂದು ಸಾಲು ಸಾಕು. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ ಬರೆಯಿರಿ. ಫೋಟೋವನ್ನು ಐನ್ಯಾಚುರಲಿಸ್ಟ್ ಆ್ಯಪಿಗೆ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ. ಮಳೆ ಶುರುವಾಗಿ ಗಿಡ ಚಿಗುರಿದ ಮೇಲೆ ಮೊಟ್ಟೆ ಜಾಸ್ತಿ ಕಾಣುತ್ತವೆ, ಮಳೆ ಹಿಂದೆ ಸರಿಯುವ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಚಿಟ್ಟೆ. ಗಿಡ ನೆಡುವವರು ಜೂನ್‌ನಲ್ಲೇ ನೆಟ್ಟರೆ ಒಳ್ಳೆಯದು.

ನಮ್ಮನೆ ಪುಸ್ತಕದಲ್ಲಿ ಕಳೆದ ಆಗಸ್ಟ್‌ನ ಪುಟ ಹೀಗಿದೆ. ಎರಡನೇ ಕರಿಬೇವಿನ ಗಿಡ: ಮೊಟ್ಟೆ 11, ದೊಡ್ಡ ಹುಳ 4, ಗೂಡು 2, ಚಿಟ್ಟೆ 1. ಆ ತಿಂಗಳು ಪಕ್ಕದ ಮನೆಯ ಬಾದಾಮಿ ಗಿಡದಲ್ಲಿ ಸಿಂಪಿಗ ಹಕ್ಕಿ ಎಲೆ ಹೊಲಿದು ಗೂಡು ಮಾಡಿತ್ತು, ದಿನಕ್ಕೆ ಎಷ್ಟೋ ಸಲ ನಮ್ಮ ಕರಿಬೇವಿಗೆ ಬಂದು ಹೋಗುತ್ತಿತ್ತು. ಅದೇ ಪುಟದ ಕೆಳಗೆ ಅಮ್ಮ ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ: ಸಿಂಪಿಗದ ಮರಿ 3, ಬೆಳಿಗ್ಗೆ ಹಾರಿದವು.